ನಂಬರ್ ಜಿಗಿದ ಕಡೆ

3 ನವೆಂಬರ್ 2025, ಸೋಮವಾರ

ಹತ್ತಕ್ಕೆ ಸ್ಟುಡಿಯೋ ಬಾಗಿಲು ತೆಗೆದೆ. ಎರಡು ಪಾಸ್‌ಪೋರ್ಟ್ ಫೋಟೋ. ಒಂದು ಕಣ್ಣು ತೆರೆಸುವ ಕೆಲಸ — ಎರ್ರಣ್ಣ ಅನ್ನುವವರ ತಂದೆ, ತೀರಿಕೊಂಡ ದಿನ ತೆಗೆದದ್ದು. ಕಂಪ್ಯೂಟರಿನಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ಮಗನ ಫೋಟೋದ ಕಣ್ಣು ಕೂರಿಸಿದೆ. ಅರ್ಧ ಗಂಟೆ. ಹಾರ ಹಾಕುವ ಫೋಟೋಕ್ಕೆ ತೆರೆದ ಕಣ್ಣೇ ಬೇಕು ಎನ್ನುತ್ತಾರೆ. ಇಪ್ಪತ್ತೈದು ವರ್ಷದಲ್ಲಿ ಯಾರ ಕಣ್ಣು ಯಾರಿಗೆ ಕೊಟ್ಟೆನೋ, ನೆನಪಿಲ್ಲ.

ಸಂಜೆ ಬ್ರೂಸ್‌ಪೇಟೆ, ಪ್ರಭುಲಿಂಗನ ಕ್ಯಾಮೆರಾ ಅಂಗಡಿ. ನನ್ನ ಮಿರರ್‌ಲೆಸ್ ಕ್ಯಾಮೆರಾ ಏಳು ವರ್ಷದ್ದು. ಹಗುರ. ಹೆಗಲಲ್ಲಿರುವುದೇ ಮರೆತುಹೋಗುತ್ತದೆ. ಆದರೆ ಬೆಳಕು ಕಡಿಮೆಯಾದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ. ಬೆಳಕು ಹೆಚ್ಚು ಹಿಡಿಯುವ ದೊಡ್ಡ ಸೆನ್ಸರಿನ, ಭಾರದ ಹೊಸದೊಂದು ತೋರಿಸಿದ.

"ಎರಡು ವಾರ ಇಟ್ಕೊಂಡು ನೋಡ್ರಿ ಉಜ್ಜಿನಪ್ಪ ಸರ. ಮದುವಿಗೂ ಯಾರೂ ಇಷ್ಟು ಸವಲತ್ತು ಕೊಡಂಗಿಲ್ಲ."

ನನಗೆ ಮದುವೆ ಆಗಿಲ್ಲ ಅನ್ನುವುದು ಅವನಿಗೆ ಗೊತ್ತು.

5 ನವೆಂಬರ್, ಬುಧವಾರ

ಕುರುಗೋಡು. ಹಳೇ ಗುಡಿಯೊಳಗೆ ಒಂದೇ ಕಂಬ, ಎರಡೂ ಕ್ಯಾಮೆರಾದಲ್ಲಿ. ಹಳೆಯದರಲ್ಲಿ ಕಂಬ ಕಾಣುತ್ತದೆ. ಹೊಸದರಲ್ಲಿ ಕಲ್ಲು ಕಾಣುತ್ತದೆ — ಉಳಿಯ ಏಟು ಎಣಿಸಬಹುದು. ಇಷ್ಟು ಕಾಣುವುದು ಬೇಕೇ? ಗೊತ್ತಾಗಲಿಲ್ಲ. ಹೊಸದರ ಭಾರಕ್ಕೆ ಕತ್ತು ನೋವು. ಬಹಳ ವಿಷಯಗಳಲ್ಲಿ ಹಗುರವಾಗಿಯೇ ಬದುಕಿದವನು. ಈ ವಯಸ್ಸಿಗೆ ಭಾರ ಹೊರುವುದೆಂದರೆ...

ಸಿರುಗುಪ್ಪದಿಂದ ಅಕ್ಕನ ಫೋನು.

"ತವರೂರಿಗೆ ಹೋಗಿ ದೊಡ್ಡಬಸಪ್ಪಗ ಕೈ ಮುಗದ್ಯೋ, ಬರೀ ಕಂಬ ನೋಡಿ ಬಂದ್ಯೋ?"

"ಕಂಬ."

"ಗೊತ್ತಿತ್ತು ನನಗ. ಇಲ್ಲಿಗೆ ಯಾವಾಗ ಬರ್ತಿ?"

ನೋಡೋಣ ಅಂದೆ.

6 ನವೆಂಬರ್, ಗುರುವಾರ

ಅಕ್ಕ ಹೋದಳು.

ಬೆಳಿಗ್ಗೆ ಏಳಕ್ಕೆ ಅವಳ ಮಗಳು ಶೀಲಾಳ ಫೋನು. "ಮಾಮ, ಅವ್ವ ಏಳವಲ್ಲಳು." ಎಬ್ಬಿಸಿದ್ಯಾ ಅಂದೆನಂತೆ. ಮೂರು ಸಲ ಅದನ್ನೇ ಕೇಳಿದೆನಂತೆ.

8 ನವೆಂಬರ್, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಇಂದು ಬರೆಯುತ್ತಿರುವುದೂ ಬೇರೆ ಯಾರದೋ ಮನೆಯ ಸುದ್ದಿಯಂತಿದೆ.

ಗುರುವಾರ ಸಿರುಗುಪ್ಪ ತಲುಪಿದಾಗ ಅಕ್ಕನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ತಲೆ ವಾಲದಂತೆ ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ. ಹಣೆ ತುಂಬ ವಿಭೂತಿ, ಕೊರಳಿಗೆ ಚೆಂಡುಹೂವು. ನಮ್ಮಲ್ಲಿ ಕೂತಂತೆಯೇ ಮಣ್ಣು ಮಾಡುವುದು. ಅದಕ್ಕೆ ಮೊದಲು ಫೋಟೋ. ಪಕ್ಕದ ಮನೆಯ ಚಿದಾನಂದಪ್ಪನವರು ನನ್ನನ್ನು ನೋಡಿ, "ಫೋಟೋದವ್ರು ಬಂದ್ರು, ಜಾಗ ಬಿಡ್ರಿ" ಅಂದರು. ತಮ್ಮ ಬಂದ ಅನ್ನಲಿಲ್ಲ. ಹೆಗಲಲ್ಲಿ ಹೊಸ ಕ್ಯಾಮೆರಾ ಇತ್ತು. ಯಾವಾಗ ಹಾಕಿಕೊಂಡೆನೋ. ಕೈ ತನ್ನ ಕೆಲಸ ಮಾಡಿತು. ಎದುರಿಗೆ ಶೀಲಾ ನೆಲದ ಮೇಲೆ ಕೂತು ಅವ್ವನನ್ನೇ ನೋಡುತ್ತಿದ್ದಳು. ಅವಳದೂ ಒಂದು ತೆಗೆದೆ. ಯಾಕೆ? ಗೊತ್ತಿಲ್ಲ.

ಹೊರಡುವಾಗ ಶೀಲಾ ಬಾಗಿಲಿಗೆ ಬಂದಳು.

"ಹನ್ನೊಂದನೇ ದಿನಕ್ಕ ಫೋಟೋ ಬೇಕು ಮಾಮ. ಅವ್ವ ನನ್ನ ನೋಡಂಗಿರ್ಬೇಕು."

"ನಿನ್ನ ಫೋನಿನಲ್ಲಿ ಇಲ್ಲವಾ?"

ತೋರಿಸಿದಳು. ರೊಟ್ಟಿ ಬಡಿಯುವ ಬೆನ್ನು. ಸೆರಗು ಬಾಯಿಗಿಟ್ಟು ನಗುವ ಅರ್ಧ ಮುಖ. ದೊಡ್ಡದು ಮಾಡಿದರೆ ಒಡೆಯುತ್ತವೆ.

"ಮನ್ಯಾಗ ಫೋಟೋಗ್ರಾಫರ್ ಅದಾನಂತ ನಾವ್ಯಾರೂ ತೆಗೀಲಿಲ್ಲ," ಅಂದಳು. ಆರೋಪದಂತೆ ಹೇಳಲಿಲ್ಲ.

ನನ್ನ ಹತ್ತಿರ ಬೇಕಾದಷ್ಟು ಇವೆ, ತರುತ್ತೇನೆ ಅಂದೆ.

10 ನವೆಂಬರ್, ಸೋಮವಾರ

ಇಲ್ಲ. ಅಕ್ಕನದು ಒಂದೂ ಇಲ್ಲ.

ಬೆಳಿಗ್ಗೆಯಿಂದ ಹಾರ್ಡ್‌ಡಿಸ್ಕ್ ಜಾಲಾಡಿದೆ. ಗೃಹಪ್ರವೇಶ, ತೊಟ್ಟಿಲು, ಶೀಲಾಳ ಡಿಗ್ರಿ, ಹಬ್ಬಗಳು. ಆ ದಿನಗಳಲ್ಲೆಲ್ಲ ಅಕ್ಕ ಅಲ್ಲಿದ್ದಳು, ಎಲ್ಲ ಸಲವೂ ಅವಳತ್ತ ಕ್ಯಾಮೆರಾ ತಿರುಗಿಸಿದ್ದೆ. ಚೆನ್ನಾಗಿ ನೆನಪಿದೆ.

ನೆನಪಿದ್ದ ಇನ್ನೊಂದು: ಕ್ಯಾಮೆರಾ ಎತ್ತಿದರೆ ಅಕ್ಕ ಕಣ್ಣು ಮುಚ್ಚುತ್ತಿದ್ದಳು. ಪ್ರತಿ ಸಲ.

ನನ್ನ ನಿಯಮ — ಮನೆಗೆ ಬಂದ ಕೂಡಲೇ, ಚಹಾಕ್ಕೂ ಮೊದಲು, ಕಣ್ಣು ಮುಚ್ಚಿದ ಫ್ರೇಮ್ ಎಲ್ಲ ಡಿಲೀಟ್. ಗಿರಾಕಿಗೆ ತೋರಿಸುವಂಥದ್ದಲ್ಲ ಅದು. ಯಾರ ಮುಖ ಎಂದೂ ನೋಡುವುದಿಲ್ಲ. ರೆಪ್ಪೆ ಮಾತ್ರ ನೋಡುತ್ತೇನೆ.

ಕ್ಯಾಮೆರಾ ಸಾಲಾಗಿ ಕೊಡುವ ಫೈಲ್ ನಂಬರುಗಳನ್ನು ನೋಡುತ್ತ ಕೂತೆ. 0412, 0413. ಆಮೇಲೆ 0417. ಮತ್ತೆ 0418, 0421. ನಂಬರ್ ಜಿಗಿದ ಕಡೆಯೆಲ್ಲ ಅಕ್ಕ.

12 ನವೆಂಬರ್, ಬುಧವಾರ. ಮಧ್ಯಾಹ್ನ 12

ಕೊನೆಗೆ ಉಳಿದದ್ದು ಗುರುವಾರದ ಫೋಟೋ. ಕಣ್ಣು ತೆರೆಸಬೇಕು. ಬೇರೆಯವರಿಗೆ ಮಾಡಿದ್ದನ್ನೇ ಮಾಡಿದೆ. ಗದ್ದದ ಬಟ್ಟೆ ಅಳಿಸಿದೆ. ಶೀಲಾಳದು ಅವ್ವನದೇ ಕಣ್ಣು, ಆಕಾರ, ಬಣ್ಣ ಎರಡೂ. ಅಂದು ತೆಗೆದ ಅವಳ ಫೋಟೋದಿಂದ ತಂದು ಕೂರಿಸಿದೆ. ಅಕ್ಕ ನೋಡಿದಳು. ನಿಜವಾಗಿ. ಎದ್ದು ನೀರು ಕುಡಿದು ಬಂದೆ.

ಅಂಚು ಸರಿ ಮಾಡಲು ದೊಡ್ಡದು ಮಾಡಿದೆ. ಮತ್ತೂ ದೊಡ್ಡದು. ಹಳೇ ಕ್ಯಾಮೆರಾದಲ್ಲಿ ಕಣ್ಣಿನ ನಡುವೆ, ಎದುರಿನದು ಪ್ರತಿಫಲಿಸಿ, ಒಂದು ಬಿಳಿ ಚುಕ್ಕೆ ಇರುತ್ತದೆ, ಅಷ್ಟೇ. ಇದರಲ್ಲಿ ಚುಕ್ಕೆ ಇರಲಿಲ್ಲ. ಗೋಡೆ ಇತ್ತು. ಗೋಡೆಗೆ ಆನಿಸಿ ಕೂಡಿಸಿದ ಒಂದು ಆಕೃತಿ, ತಲೆಗೆ ಬಿಳಿ ಪಟ್ಟಿ, ಕೊರಳಲ್ಲಿ ಹಳದಿ. ಪಕ್ಕದಲ್ಲಿ ನಿಂತವನೊಬ್ಬ, ಮುಖದ ಜಾಗದಲ್ಲಿ ಕಪ್ಪು ಡಬ್ಬಿ.

ಶೀಲಾ ನೋಡುತ್ತಿದ್ದುದು ಅದನ್ನೇ. ಈಗ ಅಕ್ಕ ನೋಡುತ್ತಿರುವುದೂ ಅದನ್ನೇ. ತನ್ನ ಹೆಣವನ್ನು.

ಕಂಪ್ಯೂಟರ್ ಆರಿಸಲಿಲ್ಲ. ಹಾಗೇ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಬಿಸಿಲು ಸುಡುತ್ತಿತ್ತು. ಅದು ತಿಳಿದದ್ದು ತಡವಾಗಿ.

14 ನವೆಂಬರ್, ಶುಕ್ರವಾರ

ಶೀಲಾ ಬಂದಿದ್ದಳು. ಪರದೆಯ ಮೇಲೆ ಅವ್ವನನ್ನು ಕಂಡು ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು.

"ನೋಡಾಕತ್ತಾಳ," ಅಂದಳು.

ಅಲ್ಲಿಗೆ ಬಿಡಬಹುದಿತ್ತು. ಗೋಡೆಯ ಮೇಲೆ ಹಾಕಿದರೆ ಯಾರಿಗೂ ಕಾಣುವಂಥದ್ದಲ್ಲ. ಆದರೆ ಕಣ್ಣನ್ನು ದೊಡ್ಡದು ಮಾಡಿ ತೋರಿಸಿದೆ. ಪರದೆಗೆ ಬೆರಳಿಟ್ಟಳು.

"ಇದು ಅವ್ವ."

"ಹೌದು."

"ಈ ನಿಂತೋನು ನೀನು."

"ಹೌದು."

ತೋರಿಸಿದ ಮೇಲೆ ಉಳಿದದ್ದನ್ನೂ ಹೇಳಿದೆ. ನಿಯಮ, ನಂಬರುಗಳು.

"ಎಷ್ಟು ಅಳಿಸಿದಿ?"

"ಎಣಿಸಿಲ್ಲ."

"ಅಂದಾಜು?"

"ನೂರರ ಮೇಲಿರಬೇಕು."

ಚೀಲ ತೆಗೆದುಕೊಂಡಳು. "ನಾಲ್ಕರ ಬಸ್ಸೈತಿ" ಅಂದಳು. ಆಗ ಇನ್ನೂ ಎರಡೂವರೆ.

16 ನವೆಂಬರ್, ಭಾನುವಾರ. ಸಿರುಗುಪ್ಪ

ಎರಡು ಪ್ರಿಂಟ್ ಒಯ್ದಿದ್ದೆ. ಒಂದರಲ್ಲಿ ಕಣ್ಣೊಳಗಿನದನ್ನು ಅಳಿಸಿ ಬರೀ ಬೆಳಕಿನ ಚುಕ್ಕೆ ಇಟ್ಟದ್ದು. ಇನ್ನೊಂದು ಇದ್ದಂತೆಯೇ, ಕಣ್ಣು ಮುಚ್ಚಿ. ಶೀಲಾ ಎರಡನ್ನೂ ಗೋಡೆಗೆ ಆನಿಸಿ ನಿಲ್ಲಿಸಿದಳು. ಕೆಳಗಿನ ಓಣಿಯ ಮುದುಕಿ ಜಡೆಮ್ಮ ಹೂವು ಕಟ್ಟುತ್ತ ಕೂತಿದ್ದಳು.

"ಕಣ್ಣು ಮುಚ್ಚಿದ್ದು ಹಾಕಬ್ಯಾಡವ್ವ. ಉಣ್ಣಾಕ ಬಂದ ಮಂದಿ, ಮನ್ಕೊಂಡಾಳ, ಏಳ್ತಾಳ ಅನ್ಕೊಂತಾರ."

ಶೀಲಾ ನನ್ನ ಕಡೆ ತಿರುಗಿದಳು.

"ನೀ ಕ್ಯಾಮೆರಾ ಎತ್ತಿದ್ರ ಅವ್ವ ಯಾಕ ಕಣ್ಣು ಮುಚ್ತಿದ್ಳು, ಗೊತ್ತೈತೇನು?"

"ಫ್ಲಾಶ್‌ಗೆ."

"ಫ್ಲಾಶ್ ಇಲ್ಲದಾಗ?"

ಯೋಚಿಸಿರಲಿಲ್ಲ.

"ಬೇಡ್ಕೊಂತಿದ್ಳು ಮಾಮ. ಮಗ್ಗಲ್ದಾಗ ನಿಂತು ನಾನೇ ಕೇಳೀನಿ. ದೊಡ್ಡಬಸಪ್ಪಾ, ಇವನಿಗೆ ಬ್ಯಾರೆ ಏನೂ ಬರಂಗಿಲ್ಲ, ಇದೊಂದಾದ್ರೂ ಚಲೋ ಬರ್ಲಿ ಅಂತ."

ಜಡೆಮ್ಮ ನಕ್ಕಳು. "ಹಂಗ ಅಂತಿದ್ಳು, ಹೌದು."

ಮನೆಯೊಳಗೆ ಅನ್ನ ಬೇಯುವ ವಾಸನೆ. ಯಾರೋ ಎಲೆ ತೊಳೆಯುತ್ತಿದ್ದರು. ನೂರು ಸಲ. ನನ್ನ ಚಿತ್ರ ಚಲೋ ಬರಲೆಂದು ನೂರು ಸಲ ಮುಚ್ಚಿದ ಕಣ್ಣು. ಚಲೋ ಬಂದಿಲ್ಲವೆಂದು ನೂರು ಸಲ ನಾನು.

"ಯಾವುದು ಹಾಕಲಿ?" ಕೇಳಿದೆ.

ಮೊಳೆ ಶೀಲಾಳೇ ಹೊಡೆದಳು. ಕಣ್ಣು ಮುಚ್ಚಿದ್ದನ್ನೇ ಎತ್ತಿ ತೂಗುಹಾಕಿದಳು. ತೆರೆದದ್ದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ನೋಡಾಕ ನಾ ಅದೀನಲ್ಲ," ಅಂದಳು.

17 ನವೆಂಬರ್, ಸೋಮವಾರ

ಬ್ರೂಸ್‌ಪೇಟೆ. ಕ್ಯಾಮೆರಾ ಪ್ರಭುಲಿಂಗನ ಮುಂದೆ ಇಟ್ಟೆ.

"ಹೆಂಗ್ ಬಂದಾವ್ರಿ ಸರ, ಫೋಟೋ?"

"ಬಹಳ ಚಲೋ ಬಂದಾವ."

"ಮತ್ಯಾಕ ವಾಪಸ್?"

ಭಾರ ಅಂದೆ. ಅವನಿಗೆ ಅಷ್ಟು ಸಾಕಾಯಿತು. ಒಳಗಿನ ಮೆಮೊರಿ ಕಾರ್ಡ್ ಅಂಗಡಿಯದು, ಅಳಿಸಿ ಕೊಡ್ರಿ ಅಂದ. ಕಾರ್ಡ್ ನಾನು ತಗೋತೀನಿ ಅಂದೆ.

"ಕುದುರಿ ಬಿಟ್ಟು ಲಗಾಮು ಕೊಂಡ ಗಿರಾಕಿ ನೀವೇ ಮೊದಲು."

ಸ್ಟುಡಿಯೋಕ್ಕೆ ಬಂದು ಕಾರ್ಡಿಗೆ ಚೀಟಿ ಅಂಟಿಸಿದೆ. 'ಅಕ್ಕ, ನ. 6'. ಗುಡಿಯ ಕಂಬಗಳನ್ನು ಬಿಟ್ಟು, ಶೀಲಾಳ ಒಂದನ್ನು ಬಿಟ್ಟು, ಅಕ್ಕನವು ಹದಿನೇಳು ಇವೆ. ನಂಬರ್ ಎಲ್ಲೂ ಜಿಗಿದಿಲ್ಲ. ಚಹಾ ಕುಡಿಯದೆ ಒಂದೊಂದನ್ನೇ ನೋಡಿದೆ, ಈ ಸಲ ರೆಪ್ಪೆ ಬಿಟ್ಟು ಮುಖ. ಹದಿನೇಳರಲ್ಲೂ ಅಕ್ಕ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದಾಳೆ.