ಐದನೆಯ ಮೊಳೆ

ಮಂಗಳವಾರ, ಬೆಳಿಗ್ಗೆ

ನನ್ನ ಸಿಡಿಲಮರಿಗೆ, ಕುಲುಮೆಯ ಕೆಂಡದಷ್ಟು ಆಶೀರ್ವಾದ.

ಭಲೇ ಮಗಳೇ, ಭಲೇ! ನಿನ್ನೆ ಕಲಿಯುವವರ ಲಾಳ ಕಟ್ಟುವ ಸ್ಪರ್ಧೆಯಲ್ಲಿ ನೀನು ಗೆದ್ದಾಗ, ತಗಡಿನ ಸೂರು ಹಾರಿಹೋಗುವಂತೆ ಕೂಗಿದವನು ನಿನ್ನ ಈ ಅಪ್ಪನೇ. ತೀರ್ಪುಗಾರರು ಕಪ್ಪು ಕುದುರೆಯ ಕಾಲೆತ್ತಿ ನೋಡಿ, "ಏನ್ರೀ, ಮಗಳ ಕೈಯೊಳಗೆ ನೀವೇ ಕೂತಿದ್ದೀರಲ್ಲ!" ಎಂದರು. ನಾನು ನಕ್ಕೆ. ಕಣ್ಣು ಮಾತ್ರ ಆ ಗೊರಸಿನ ಮೇಲೇ ಇತ್ತು.

ಮುಂಗಾಲಿನ ಐದನೆಯ ಮೊಳೆ, ಮಗಳೇ! ಗಟ್ಟಿ ಗೊರಸಿನಲ್ಲಿ ಇಳಿಯುವ ಮೊಳೆ ಠಣ್ ಠಣ್ ಎಂದು ಹಾಡುತ್ತದೆ. ಒಳಗಿನ ಹಸಿ ಭಾಗದತ್ತ ಹೊರಳಿತೋ, ಸದ್ದು ಸತ್ತುಹೋಗುತ್ತದೆ. ಅಷ್ಟು ಚಪ್ಪಾಳೆಯ ನಡುವೆಯೂ ಆ ಸತ್ತ ಸದ್ದು ನನಗೆ ಕೇಳಿಸಿತು. ನಿನಗೂ ಕೇಳಿಸಿತು. ನಿನ್ನ ಸುತ್ತಿಗೆ ಅರೆಗಳಿಗೆ ಗಾಳಿಯಲ್ಲೇ ನಿಂತಿತು. ನೀನು ಗಡಿಯಾರ ನೋಡಿದೆ. ಮತ್ತೆ ಹೊಡೆದೆ.

ಇವತ್ತು ಆ ಕುದುರೆ ಕುಂಟುವುದಿಲ್ಲ. ನಾಳೆಯೂ ಕುಂಟಲಿಕ್ಕಿಲ್ಲ. ಗುರುವಾರ ನಿನ್ನ ಹಾಸ್ಟೆಲ್ ಕೋಣೆಯ ಗೆಳತಿ ಅದರ ಮೇಲೆ ಕೂತು ಬೇಲಿ ಹಾರಿಸುತ್ತಾಳಲ್ಲ, ಆಗ ನೆಲಕ್ಕಿಳಿದ ಕಾಲು ಮಡಚಿಕೊಳ್ಳುತ್ತದೆ.

ನಿಮಗೆ ಹೇಗೆ ಗೊತ್ತು ಅನ್ನುತ್ತೀಯಾ? ಹಾಗಾದರೆ ಕೇಳು! ನೀನು ತೊಟ್ಟಿಲಲ್ಲಿದ್ದಾಗ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ಕಪ್ ಗೆದ್ದವನು ನಾನು. ನಾನೂ ಅವತ್ತು ಅಂಥದೇ ಒಂದು ಸದ್ದನ್ನು ನುಂಗಿಕೊಂಡೆ. ಮೂರನೆಯ ದಿನ ಆ ಕುದುರೆ ಬಿದ್ದಾಗ ಅದರ ಮೇಲಿದ್ದವಳು ನಿನ್ನ ಅಮ್ಮ. ಅಂದಿನಿಂದ ಅವಳ ಕೈಗೆ ಊರುಗೋಲು ಬಂತು. "ಕಲ್ಲು ಎಡವಿತು ಪಾಪ, ಕುದುರೇದೇನು ತಪ್ಪು?" ಎನ್ನುತ್ತ ಇವತ್ತಿಗೂ ಆ ಬೆಳ್ಳಿ ಕಪ್‌ನ ಧೂಳು ಒರೆಸುತ್ತಾಳೆ. ನಾನು ಹೂಂಗುಡುತ್ತೇನೆ. ನಿನ್ನೆ ಅಷ್ಟು ಜನರ ಮುಂದೆ ಹೇಳಲಾರದೆ ಹೋದೆ; ಇಲ್ಲಿ ಅವಳು ಪಕ್ಕದಲ್ಲೇ ಇರುವಾಗ ಇದನ್ನೆಲ್ಲ ಫೋನಿನಲ್ಲಿ ಹೇಗೆ ಹೇಳಲಿ? ಅದಕ್ಕೇ ಈ ಕಾಗದವನ್ನು ನಿಮ್ಮ ಕಡೆ ಬರುವ ಹಾಲಿನ ಗಾಡಿಯವನ ಕೈಗೆ ಕೊಡುತ್ತಿದ್ದೇನೆ.

ಓದಿದವಳೇ ಲಾಯಕ್ಕೆ ಓಡು. ಮೊಳೆ ಕೀಳು. ತುದಿ ರಕ್ತದಿಂದ ಒದ್ದೆಯಾಗಿದ್ದರೂ ಸರಿ, ಒಣಗಿದ್ದರೂ ಸರಿ, ಗುರುಗಳಿಗೆ ಹೇಳಿ ಕಪ್ ಹಿಂದಿರುಗಿಸು. ನಗುವವರು ನಗಲಿ! ನನ್ನ ವಿಷಯ ಮಾತ್ರ ಅಮ್ಮನ ಕಿವಿಗೆ ಬೀಳದಿರಲಿ. ಯಾವತ್ತಾದರೂ ನಾನೇ ಹೇಳುತ್ತೇನೆ.

ಇಂತಿ,
ನಿನ್ನ ಅಪ್ಪ

ಮರೆಯುವ ಮುನ್ನ: ಇದು ಅಮ್ಮನ ಅಕ್ಷರ. ನಿಮ್ಮಪ್ಪ ಲಕೋಟೆ ಹುಡುಕೋಕೆ ಒಳಗೆ ಹೋಗಿದ್ದಾರೆ. ನಾನು ಬಿದ್ದ ಕಡೆ ಕಲ್ಲೇ ಇರಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಇವರ ಬಾಯಿಂದಲೇ ಬರಲಿ ಅಂತ ಇಷ್ಟು ವರ್ಷ ಕಾದೆ. ನಿನ್ನ ಬಾಯಿಂದ ಬರಲಿ ಅಂತ ಗುರುವಾರದವರೆಗೆ ಕಾಯಲ್ಲ. ಇವರ ಬೆಳ್ಳಿ ಕಪ್ ತೆಗೆದು ಕುಲುಮೆಗೆ ಹಾಕಿದ್ದೇನೆ. ಓದಿದ ಮೇಲೆ ತಲೆ ಎತ್ತಿ ನೋಡು. ಗಾಡಿಯವನ ಪಕ್ಕದಲ್ಲಿ ಮೊಳೆ ಕೀಳೋ ಇಕ್ಕಳ ಹಿಡಿದು ಕೂತಿರೋಳು ನಾನೇ.