ಕುದುರೆಯ ಕಾಲು ಮೊದಲು ನೋಡಿದವರಿಗೆ

ಮೊಗ್ರಾಲ್
23 ಜೂನ್ 2013

ವಿಜೇತ್ ಮತ್ತು ತೃಷಾಳ ಅಪ್ಪನಿಗೆ ಹರಿಣಾಕ್ಷಿಯ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಶಾರ್ಜಾದಲ್ಲಿ ಈಗ ಬೆಂಕಿಯಂಥ ಬಿಸಿಲಿರಬೇಕು. ನೀವೂ ನಿಮ್ಮ ಕುದುರೆಗಳೂ ನೆರಳಿನಲ್ಲಿದ್ದೀರಿ ಎಂದುಕೊಳ್ಳುತ್ತೇನೆ. ಸ್ಪೇನಿನಿಂದ ಬಂದು ತಿಂಗಳಾಗುತ್ತ ಬಂತು, ಒಂದು ಸಾಲು ಬರೆಯಲಿಲ್ಲ, ಫೋನೂ ಎತ್ತಲಿಲ್ಲ. ತಪ್ಪಾಯಿತು ಅನ್ನಿ. ನೀವು ಫೋನ್ ಮಾಡಿದಾಗಲೆಲ್ಲ ‘ಅಮ್ಮ ಮೀಯಲು ಹೋಗಿದ್ದಾಳೆ’ ಎಂದು ತೃಷಾ ಹೇಳಿದ್ದು ನಾನೇ ಕಲಿಸಿಕೊಟ್ಟ ಸುಳ್ಳು. ಮೊನ್ನೆ ಅವಳೇ, “ಅಮ್ಮಾ, ನೀನು ದಿನಕ್ಕೆ ಎಷ್ಟು ಸಲ ಮೀಯುದು? ಅಪ್ಪ ನಗಾಡಿದ್ರು” ಎಂದಳು. ನೀವು ನಗಾಡಿದಿರಿ ಎಂದು ಕೇಳಿದ ಮೇಲೆ ಬರೆಯಲು ಕೂತೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಸ್ವರ ಸ್ವಲ್ಪ ಏರಿದರೆ ಸಾಕು, ನಿಮಗೆ ಲೈನ್ ಸರಿ ಇರುವುದಿಲ್ಲ. ಕಾಗದವನ್ನು ಕಟ್ ಮಾಡಲು ಆಗುವುದಿಲ್ಲವಲ್ಲ. ಆಚೆಮನೆಯ ಕುಂಞಣ್ಣ ಬುಧವಾರ ಶಾರ್ಜಾಕ್ಕೆ ಹೊರಟಿದ್ದಾರೆ, ಹಲಸಿನ ಹಪ್ಪಳದ ಕಟ್ಟಿನ ಜೊತೆ ಇದನ್ನೂ ತಂದುಕೊಡುತ್ತಾರೆ. ಹಪ್ಪಳ ಆಮೇಲೆ ತಿನ್ನಿ.

ಮೊದಲು ಮನೆಯ ಸುದ್ದಿ. ಮಳೆ ಚೆನ್ನಾಗಿ ಹಿಡಿದಿದೆ, ಬಾವಿ ತುಂಬಿದೆ. ತೃಷಾ ಆರನೆಯ ತರಗತಿಗೆ ಹೋಗುತ್ತಿದ್ದಾಳೆ, ಹೊಸ ಕೊಡೆಯನ್ನು ಎರಡನೆಯ ದಿನವೇ ಬಸ್ಸಿನಲ್ಲಿ ಬಿಟ್ಟು ಬಂದಳು. ವಿಜೇತನಿಗೆ ಹೊಸ ಮಾತ್ರೆ ಹಿಡಿಸಿದೆ, ಈ ತಿಂಗಳು ಫಿಟ್ಸ್ ಬರಲಿಲ್ಲ. ಹದಿನೈದು ವರ್ಷಗಳಲ್ಲಿ ನಾನು ಅವನನ್ನು ಬಿಟ್ಟು ಇಷ್ಟು ದಿನ ಬೇರೆ ಕಡೆ ಮಲಗಿದ್ದು ಸ್ಪೇನಿಗೆ ಹೋದಾಗಲೇ ಮೊದಲು. ಲೋಲಾಕ್ಷಿ ಅಕ್ಕ ಉಪ್ಪಳದ ತನ್ನ ಮನೆ ಬಿಟ್ಟು ಬಂದು ನಿಂತಳು, ಹೊತ್ತುಹೊತ್ತಿಗೆ ಉಣಿಸಿದಳು, ಮೀಯಿಸಿದಳು, ಮಗ್ಗುಲು ಬದಲಿಸಿದಳು. ಆದರೆ ನಡೆಯಲಾರದ, ‘ಅಮ್ಮ ಎಲ್ಲಿ’ ಎಂದು ಬಾಯಿಬಿಟ್ಟು ಕೇಳಲಾರದ ಮಗು ಅವನು. ನಾನು ಬಂದ ದಿನ ನನ್ನನ್ನು ನೋಡಿದವನೇ ಗೋಡೆಯ ಕಡೆ ಮುಖ ತಿರುಗಿಸಿದ. ಗಂಜಿ ಬಾಯಿಗೆ ತಂದರೆ ತುಟಿ ಬಿಗಿಹಿಡಿದ. ಮರುದಿನ ಸಂಜೆ ತಾನಾಗಿ ನನ್ನ ಹೆಬ್ಬೆರಳು ಹಿಡಿದುಕೊಂಡ. ಅವನಿಗೆ ಸಿಟ್ಟು ಮಾಡಲೂ ಗೊತ್ತು, ಬಿಡಲೂ ಗೊತ್ತು. ನನಗೆ ಬಿಡಲು ಬರುವುದಿಲ್ಲ.

ಅಕ್ಕ ಹೇಳಿದಳು: “ನಿನ್ನ ಗಂಡ ನನಗೆ ಫೋನ್ ಮಾಡಿದ್ರು ಮಾರಾಯ್ತಿ. ‘ಕುದುರೆಯಿಂದ ಬಿದ್ದದ್ದಕ್ಕೆ ಅವಳಿಗೆ ನನ್ನ ಮೇಲೆ ಸಿಟ್ಟು, ನಾಲ್ಕು ದಿನದಲ್ಲಿ ಸರಿಯಾಗ್ತದೆ’ ಅಂತ ಹೇಳಿದ್ರು.” ನಾನೇನು ಹಾಲೇ, ನಾಲ್ಕು ದಿನ ಇಟ್ಟರೆ ಮೊಸರಾಗಲು? ಬಿದ್ದದ್ದು ಹೇಗೆ, ಬಿದ್ದ ಮೇಲೆ ಏನಾಯಿತು, ಅದನ್ನು ಅಕ್ಕನಿಗೆ ಹೇಳಿದಿರಾ? ಇಲ್ಲ. ಹಾಗಾಗಿ ನಿಮಗೇ ಹೇಳುತ್ತೇನೆ.

ಈ ಪ್ರಯಾಣ ಬೇಕು ಎಂದು ನಾನು ಕೇಳಿದವಳಲ್ಲ. ಇಪ್ಪತ್ತು ವರ್ಷ ಶಾರ್ಜಾದ ಆ ಕುದುರೆ ಲಾಯದಲ್ಲಿ ದುಡಿದದ್ದಕ್ಕೆ ನಿಮ್ಮ ಯಜಮಾನತಿ ಮೆಚ್ಚಿ ಕೊಟ್ಟ ಉಡುಗೊರೆ. ಸ್ಪೇನಿನ ಹಳ್ಳಿಗಾಡಿನಲ್ಲಿ ಒಂದು ವಾರ ಕುದುರೆ ಸವಾರಿ, ದಾರಿ ತೋರಿಸುವವರು, ಊಟ, ವಸತಿ ಎಲ್ಲ ಅವರದೇ, ಗಂಡಹೆಂಡತಿ ಇಬ್ಬರಿಗೂ. ನಾನು, “ಮಗನನ್ನು ಬಿಟ್ಟು ಹೇಗೆ ಬರ್ಲಿ? ನನಗೆ ಕುದುರೆಯ ಬಾಲ ಮುಟ್ಟಿಯೂ ಗೊತ್ತಿಲ್ಲ” ಎಂದೆ. ನೀವು ಏನು ಹೇಳಿದಿರಿ? “ಮದುವೆಯಾದ ಮೇಲೆ ನಾವಿಬ್ಬರೇ ಅಂತ ಒಂದು ದಿನ ಇದ್ದದ್ದುಂಟಾ ಹರಿಣಿ? ಒಂದು ವಾರ. ಬಾ.” ಹರಿಣಿ ಎಂದು ಕರೆದಿರಿ. ಅಷ್ಟಕ್ಕೆ ನಾನು ಕರಗಿದೆ. ವೀಸಾಕ್ಕೆಂದು ರೈಲು ಹತ್ತಿ ಇಳಿದೆ. ಅಂಗಡಿಯ ಪ್ಯಾಂಟು ಹಾಕಲು ನಾಚಿಕೆಯಾಗಿ, ದಪ್ಪ ಬಟ್ಟೆ ತಂದು ನಾನೇ ಎರಡು ಹೊಲಿದುಕೊಂಡೆ, ಒಳತೊಡೆಗೆ ಜೋಡಿ ಬಟ್ಟೆ ಕೊಟ್ಟು. ಊರಿನವರ ಮದುವೆ ರವಿಕೆಗಳನ್ನೆಲ್ಲ ಹೊಲಿಗೆ ಮೆಷಿನಿನ ಪಕ್ಕ ರಾಶಿ ಹಾಕಿ ಬಂದೆ.

ಚಂದ ಇರಲಿಲ್ಲ ಎಂದು ಹೇಳುವುದಿಲ್ಲ, ಸುಳ್ಳಾಗುತ್ತದೆ. ನಮ್ಮ ಊರಿನ ಗುಡ್ಡೆಯ ಮೇಲಿನ ಪದವಿನ ಹಾಗೆಯೇ ಕಲ್ಲು ಕಲ್ಲಾದ ನೆಲ, ಆದರೆ ಅದರ ಮೇಲೆಲ್ಲ ಹಳದಿ, ನೇರಳೆ ಹೂ. ಬಾಟಲಿಯ ಬೂಚು ಮಾಡುವ ಮರಗಳು, ತೊಗಟೆ ಸುಲಿದು ಸೊಂಟದ ತನಕ ಕೆಂಪಗೆ ನಿಂತಿದ್ದವು. ದೂರದಲ್ಲಿ ಗುಡ್ಡದ ನೆತ್ತಿಗೆ ಸುಣ್ಣ ಬಳಿದ ಹಾಗೆ ಒಂದೊಂದು ಬಿಳಿ ಊರು. ಎರಡನೆಯ ದಿನ ಬೆಳಿಗ್ಗೆ ನನಗೆ ಕೊಟ್ಟಿದ್ದ ಬಿಳಿ ಕುದುರೆ ಪಲೋಮಾಳ ನಡಿಗೆಗೆ ನನ್ನ ಸೊಂಟ ಒಗ್ಗಿತು. ಎದುರಿಗೆ ನಮ್ಮ ಜೊತೆ ಸವಾರಿಗೆ ಬಂದಿದ್ದ ಆ ಮುದಿ ಇಂಗ್ಲಿಷ್ ಗಂಡಹೆಂಡತಿ, ಅವರ ಮುಂದೆ ನೀವು, ಎಲ್ಲರಿಗಿಂತ ಮುಂದೆ ದಾರಿ ತೋರಿಸುವ ಪಿಲಾರ್. ಯಾರೂ ನನ್ನನ್ನು ಕರೆಯುವವರಿರಲಿಲ್ಲ. ಯಾರ ಬಾಯಿ ಒರೆಸುವುದಕ್ಕೂ ಇರಲಿಲ್ಲ. ಗಾಳಿ ಕುಡಿದುಕೊಂಡು ಸುಮ್ಮನೆ ಕೂತಿದ್ದೆ. ಸ್ವಲ್ಪ ಹೊತ್ತು ನನಗೆ ಮನೆಯೂ ಮರೆತುಹೋಯಿತು. ಆ ಸುಖಕ್ಕೆ ನಾನು ಇವತ್ತಿಗೂ ನಿಮಗೆ ಋಣಿ.

ಆದರೆ ನೀವು? ಮೊದಲ ದಿನವೇ ಶುರುಮಾಡಿದಿರಿ. ಪಿಲಾರ್ ನನ್ನ ಮುಖ ನೋಡಿ, ಹೆದರಿಕೆ ಆಗುತ್ತದೆಯೇ ಎಂದು ಕೈಸನ್ನೆ ಮಾಡಿ ಕೇಳಿದಳು. ನಾನು ತಲೆಯಾಡಿಸುವುದಕ್ಕೂ ಬಿಡದೆ “ಹೌದು, ಅವಳಿಗೆ ತುಂಬ ಹೆದರಿಕೆ” ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಿರಿ. ನನಗೆ ಹೆದರಿಕೆ ಇರಲಿಲ್ಲ. ದಾರಿಯುದ್ದಕ್ಕೂ ನನಗೆ ಹಸಿವಿಲ್ಲ, ನನಗೆ ವೈನ್ ಬೇಡ, ನನಗೆ ಸುಸ್ತಾಗಿದೆ, ಎಲ್ಲ ನೀವೇ ಹೇಳಿದಿರಿ. ವೈನ್ ಬೇಡ ಎಂಬುದು ಮಾತ್ರ ಸರಿ.

ಇನ್ನೊಂದು. ನಿಮ್ಮನ್ನು ನಾನು ಕುದುರೆಯ ಜೊತೆ ನೋಡಿದ್ದು ಅಲ್ಲೇ. ಬೆಳಿಗ್ಗೆ ಜೀನು ಬಿಗಿಯುವ ಮೊದಲು ಅದರ ಕಿವಿಯ ಬುಡಕ್ಕೆ ಬಾಯಿಟ್ಟು “ಬಲ ಮಗಾ, ಬಲ” ಎನ್ನುತ್ತಿದ್ದಿರಿ. ‘ಬಾ ಮಗನೇ, ಬಾ’ ಎಂದು ಸ್ಪೇನಿನ ಕುದುರೆಗೆ ತುಳು! ಹಣೆ ಸವರುತ್ತಿದ್ದಿರಿ, ಕುತ್ತಿಗೆ ತಟ್ಟುತ್ತಿದ್ದಿರಿ, ಅದು ಬೆವತರೆ ನಿಮ್ಮದೇ ಕರವಸ್ತ್ರದಿಂದ ಒರೆಸುತ್ತಿದ್ದಿರಿ. ಇಷ್ಟು ಮೆತ್ತಗಿನ ಕೈ ನಿಮಗೆ ಉಂಟು ಎಂದು ನನಗೆ ಗೊತ್ತೇ ಇರಲಿಲ್ಲ. ರಜೆಗೆ ಬಂದಾಗ ಆ ಕೈಯನ್ನು ಶಾರ್ಜಾದಲ್ಲೇ ಬಿಟ್ಟು ಬರುತ್ತೀರಾ?

ಈಗ ಬಿದ್ದ ವಿಷಯ. ನಾಲ್ಕನೆಯ ದಿನ ತೊರೆ ದಾಟಿ ದಿಣ್ಣೆ ಏರುವಾಗ ಪೊದೆಯಿಂದ ಕರಿಹಂದಿಗಳ ಹಿಂಡು ನುಗ್ಗಿತು. ಪಲೋಮಾ ಬೆಚ್ಚಿ ಅಡ್ಡಕ್ಕೆ ಹಾರಿದಳು, ನಾನು ಜಲ್ಲಿಕಲ್ಲಿನ ಮೇಲೆ ಬಿದ್ದೆ. ಬಲಗೈ ಮೈಯ ಅಡಿಗೆ ಸಿಕ್ಕಿತು. ಕಣ್ಣಿಗೆ ಕತ್ತಲೆ ಬಂದರೂ ನೀವು ಹಾರಿ ಇಳಿದು ಓಡಿ ಬರುವುದು ಕಂಡಿತು. ‘ಬಂದರು’ ಎಂದುಕೊಂಡೆ. ನೀವು ನನ್ನನ್ನು ದಾಟಿ ಹೋದಿರಿ. ಪಲೋಮಾಳ ಮುಂಗಾಲು ಹಿಡಿದು, ಮೊಣಕಾಲಿನಿಂದ ಗೊರಸಿನವರೆಗೆ ಒತ್ತಿ ಒತ್ತಿ ನೋಡಿ, “ದೇವರ ದಯೆ, ಎಂತ ಆಗ್ಲಿಲ್ಲ” ಎಂದು ಉಸಿರುಬಿಟ್ಟಿರಿ. ಆಮೇಲೆ ತಿರುಗಿ ನನಗೆ ಹೇಳಿದ ಮೊದಲ ಮಾತು:

“ಲಗಾಮು ಬಿಟ್ಟದ್ದು ಎಂತಕ್ಕೆ ನೀನು?”

ನನ್ನನ್ನು ಎಬ್ಬಿಸಿ ಕೂರಿಸಿದ್ದು ಪಿಲಾರ್. ಕೈಗೆ ತಣ್ಣೀರು ಸುರಿದು ತನ್ನ ಕೊರಳಿನ ಬಟ್ಟೆ ಕಟ್ಟಿದವಳೂ ಅವಳೇ. ಕಟ್ಟುತ್ತ ಕಟ್ಟುತ್ತ ನಿಮ್ಮ ಕಡೆ ತಿರುಗಿ ಏನೋ ಹೇಳಿದಳು. ನನಗೆ ಅವಳ ಭಾಷೆ ಬಾರದು, ಆದರೆ ಹೆಂಗಸೊಬ್ಬಳು ಗಂಡಸನ್ನು ಬೈಯುವುದು ಯಾವ ಭಾಷೆಯಲ್ಲಿದ್ದರೂ ನನಗೆ ಅರ್ಥವಾಗುತ್ತದೆ. ನೀವು ತಲೆ ತಗ್ಗಿಸಿ, “ಅಲ್ಲ, ಬೇರೆಯವರ ಕುದುರೆಯಲ್ವಾ, ಕಾಲು ಹೋದ್ರೆ ಅದನ್ನು ಕೊಲ್ಲುದೇ” ಎಂದು ನನಗೆ ವಿವರಿಸಿದಿರಿ. ಸರಿ. ಕುದುರೆಯ ಕಾಲಿಗೆ ಬೆಲೆಯುಂಟು. ನನ್ನ ಕೈ ಏನು, ಬಿಟ್ಟಿ ಬಂದದ್ದೇ?

ಉಳಿದ ದಿನಗಳಲ್ಲಿ ನಾನು ಸಾಮಾನಿನ ವ್ಯಾನಿನಲ್ಲಿ ಅಡುಗೆಯವನ ಪಕ್ಕ ಕೂತು ಊರಿಂದೂರಿಗೆ ಹೋದೆ. ಅವನು ಕಿತ್ತಳೆ ಸುಲಿದು ಸುಲಿದು ಕೊಟ್ಟ. ನೀವು ಸವಾರಿ ಬಿಡಲಿಲ್ಲ. ನಿಮಗೆ ಬೇಸರವಾಗಬಾರದೆಂದು “ಹೋಗಿ” ಎಂದದ್ದು ನಾನೇ, ಅದು ಹೌದು. ಆದರೆ ‘ಹೋಗಿ’ ಎಂದ ಕೂಡಲೇ ಹಾಗೆ ಹೋಗುವುದೇ? ಸಂಜೆ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದಿರಿ: ಇದು ಹಳೆಯ ಸೇತುವೆ, ಇದು ಹದ್ದು, ಇದು ನಾನು.

ಕೈಯ ಮೂಳೆ ಮುರಿದಿಲ್ಲ, ನರ ಉಳುಕಿದೆ. ಕತ್ತರಿ ಹಿಡಿಯಲು ಇನ್ನೂ ಆಗುವುದಿಲ್ಲ. ರವಿಕೆಗಳನ್ನು ಬೇರೆ ಟೈಲರಿಗೆ ಕೊಟ್ಟೆ. ಅದಕ್ಕಿಂತ ದೊಡ್ಡ ಕಷ್ಟ, ವಿಜೇತನನ್ನು ಒಬ್ಬಳೇ ಎತ್ತಲು ಆಗುವುದಿಲ್ಲ. ಅವನೀಗ ನನ್ನಷ್ಟೇ ಉದ್ದವಾಗಿದ್ದಾನೆ. ಅಕ್ಕ ತನ್ನ ಸಂಸಾರ ಬಿಟ್ಟು ಇನ್ನೂ ಇಲ್ಲೇ ಇದ್ದಾಳೆ. ಇದನ್ನೆಲ್ಲ ನಾನು ನಿಮಗೆ ಹೇಳಲಿಲ್ಲ, ಯಾಕೆಂದರೆ ನೀವು ಕೇಳಲಿಲ್ಲ, ಮಗಳಲ್ಲೂ ಇಲ್ಲ, ಅಕ್ಕನಲ್ಲೂ ಇಲ್ಲ.

ದುಬೈ ವಿಮಾನ ನಿಲ್ದಾಣದಲ್ಲಿ ನೀವು ಆ ಕಡೆ, ನಾನು ಮಂಗಳೂರಿನ ವಿಮಾನಕ್ಕೆ ಈ ಕಡೆ. “ಮುಖ ಊದಿಸಿಕೊಂಡು ಹೋಗ್ಬೇಡ ಮಾರಾಯ್ತಿ, ಜನ ನೋಡ್ತಾರೆ” ಎಂದಿರಿ. ನೋಡಲಿ ಎಂದೇ ಹಾಗೆ ಹೋದೆ.

ಇಷ್ಟು ಬರೆದು ಎಡಗೈಗೂ ನೋವು ಬಂತು. ಅಕ್ಷರ ಸೊಟ್ಟಗಿದ್ದರೆ ಕಾರಣ ಅದೇ. ನಿಮ್ಮ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಮಧ್ಯಾಹ್ನ ಲಾಯದ ಹೊರಗೆ ನಿಲ್ಲಬೇಡಿ. ಮಧೂರಿನ ದೇವರು ನಿಮಗೆ ಆಯುಸ್ಸು, ಆರೋಗ್ಯ ಕೊಡಲಿ. ಎಷ್ಟು ಸಿಟ್ಟಿದ್ದರೂ ಈ ಒಂದು ಪ್ರಾರ್ಥನೆಯನ್ನು ನಾನು ಯಾವತ್ತೂ ಬಿಟ್ಟವಳಲ್ಲ.

ನಿಮ್ಮ
ಹರಿಣಾಕ್ಷಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಪುನಃ ಬಿಡಿಸಿದೆ. ಮೇಲೆ ಬರೆದದ್ದೆಲ್ಲ ನಿಜ. ಆದರೆ ಅದೊಂದಕ್ಕೇ ಆಗಿದ್ದರೆ ನಾನು ನಾಲ್ಕು ದಿನದಲ್ಲಿ ಸರಿಯಾಗುತ್ತಿದ್ದೆ.

ಬೀಳುವ ಹಿಂದಿನ ದಿನ ಮಧ್ಯಾಹ್ನ ಓಕ್ ಮರದ ಅಡಿಯಲ್ಲಿ ಊಟಕ್ಕೆ ಕೂತಿದ್ದೆವು. ಆ ಇಂಗ್ಲಿಷ್ ಹೆಂಗಸು ನಿಮ್ಮ ಕೆಲಸದ ಬಗ್ಗೆ ಕೇಳಿದಳು. ನೀವು ತುಂಡು ಇಂಗ್ಲಿಷಿಗೆ ಕೈಸನ್ನೆ ಸೇರಿಸಿ, ನನಗೂ ತಿಳಿಯುವಷ್ಟು ಬಿಡಿಸಿ, ಲಾಯದಲ್ಲಿ ಶುಕ್ರವಾರ ನಡೆಯುವುದನ್ನು ಹೇಳಿದಿರಿ. ನಡೆಯಲಾರದ, ಕತ್ತು ನಿಲ್ಲದ ಮಕ್ಕಳನ್ನು ಅವರ ತಂದೆತಾಯಿ ಕಾರಿನಲ್ಲಿ ಕರೆತರುತ್ತಾರೆ, ಅವರನ್ನು ಸಾಧು ಕುದುರೆಯೊಂದರ ಮೇಲೆ ಕೂರಿಸಿ, ಸೊಂಟ ಹಿಡಿದು, ನೀವು ಪಕ್ಕದಲ್ಲಿ ನಡೆಯುತ್ತೀರಿ. ಹುಡುಗನೊಬ್ಬ ಮೊದಲ ಸಲ ಕತ್ತು ನೆಟ್ಟಗೆ ಮಾಡಿದ್ದನ್ನು ಕೈಯಲ್ಲಿ ಮಾಡಿ ತೋರಿಸಿದಿರಿ. ನಿಮ್ಮ ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲೂ ಬಂತು. ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಇಷ್ಟು ವರ್ಷ ಇದನ್ನು ನೀವು ನನಗೆ ಹೇಳಿರಲಿಲ್ಲ. ‘ಈಗ ವಿಜೇತನ ಹೆಸರು ಹೇಳುತ್ತಾರೆ’ ಎಂದು ನಾನು ನಿಮ್ಮ ಬಾಯಿಯನ್ನೇ ನೋಡುತ್ತ ಕೂತೆ.

ಅವಳೇ ಕೇಳಿದಳು, ಮಕ್ಕಳಿದ್ದಾರೆಯೇ ಎಂದು.

“ಒನ್ ಡಾಟರ್. ವೆರಿ ಕ್ಲೆವರ್” ಎಂದಿರಿ. ಹೇಳಿ ಉಪ್ಪಿನಕಾಯಿ ಹಾಕಿದ ಆಲಿವ್ ಕಾಯಿಯ ಬಟ್ಟಲನ್ನು ನನ್ನ ಕಡೆ ದೂಡಿದಿರಿ.

ನನಗೆ ಇಂಗ್ಲಿಷ್ ಬಾರದು ಎಂದು ನಿಮಗೆ ಧೈರ್ಯ. ‘ಒನ್ ಡಾಟರ್’ ಎಂಬ ಎರಡು ಶಬ್ದ ತಿಳಿಯಲು ಎಷ್ಟು ಇಂಗ್ಲಿಷ್ ಬೇಕು? ನಮ್ಮ ಊರಿನ ಮದುವೆ ಮುಂಜಿಗಳಿಗೆ ಅವನನ್ನು ಕರೆದುಕೊಂಡು ಹೋಗುವುದು ಬೇಡ ಎಂದಾಗ, ಜನರ ಬಾಯಿಗೆ ಹೆದರುತ್ತೀರಿ ಎಂದುಕೊಂಡು ಸುಮ್ಮನಿದ್ದೆ. ಅವನ ಔಷಧಿಗೆ, ಆಸ್ಪತ್ರೆಗೆ ನೀವು ಯಾವತ್ತೂ ಕಡಿಮೆ ಮಾಡಿದವರಲ್ಲ, ಅದಕ್ಕೂ ಸುಮ್ಮನಿದ್ದೆ. ಆದರೆ ಆ ಮರದ ಅಡಿಯಲ್ಲಿ ನಮ್ಮ ಊರಿನವರು ಯಾರಿದ್ದರು? ಯಾರಿಗೆ ಹೆದರಿದಿರಿ? ಕಂಡವರ ಮಕ್ಕಳ ಸೊಂಟ ಹಿಡಿದು ಅಳುವ ನಿಮಗೆ, ಸ್ವಂತ ಮಗನನ್ನು ಮಕ್ಕಳ ಲೆಕ್ಕಕ್ಕೇ ಸೇರಿಸಲಾಗಲಿಲ್ಲ. ಮರುದಿನ ಕುದುರೆಯ ಮೇಲೆ ಕೂತು ದಾರಿಯನ್ನು ನೋಡಲೇ ಇಲ್ಲ ನಾನು, ನಿಮ್ಮ ಬೆನ್ನನ್ನು ನೋಡುತ್ತಿದ್ದೆ. ಲಗಾಮು ಬಿಟ್ಟದ್ದು ಎಂತಕ್ಕೆ ಎಂದು ಕೇಳಿದಿರಲ್ಲ, ಇದಕ್ಕೆ.

ಚೌತಿಗೆ ರಜೆ ಉಂಟು ಎಂದಿದ್ದೀರಿ. ಬರುವುದಾದರೆ ಬಂದ ಮರುದಿನವೇ ನೀವು ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ನೀವೇ ದೂಡಿಕೊಂಡು ಹೈವೇಯ ಬಸ್‌ಸ್ಟಾಪಿನವರೆಗೆ ಹೋಗಬೇಕು. ಜನ ಇರುವ ಹೊತ್ತಿಗೆ. ಯಾರಾದರೂ ಕೇಳಿದರೆ ‘ನನ್ನ ಮಗ’ ಎನ್ನಬೇಕು. ಕೇಳದಿದ್ದರೂ ಎನ್ನಬೇಕು. ಅಷ್ಟು ನಿಮ್ಮಿಂದಾಗದಿದ್ದರೆ ಟಿಕೆಟ್ ಮಾಡಬೇಡಿ. ಅಪ್ಪ ಯಾಕೆ ಬರಲಿಲ್ಲ ಎಂದು ಮಗಳು ಕೇಳಿದರೆ ಏನಾದರೂ ಹೇಳುತ್ತೇನೆ.

ಮಗ ಕೇಳುವುದಿಲ್ಲ.