ನಡುವಿನ ಮೂರು ಮುಖ

ಜುಲೈ 7, ಸೋಮವಾರ

ಅಂಗಡಿಯಲ್ಲಿ ಬೆಳಗಿನಿಂದ ಒಂದೇ ಹುಟ್ಟುಹಬ್ಬದ ಫ್ಲೆಕ್ಸ್. ಯಾರೋ ಮರಿ ಲೀಡರ್. ಮುಖ ಬೆಳ್ಳಗೆ ಮಾಡು, ಹಿಂದೆ ಹುಲಿ ಹಾಕು, ಹುಲಿ ನನಗಿಂತ ಸಣ್ಣದಿರಲಿ... ಎಲ್ಲ ಮಾಡಿಕೊಟ್ಟೆ. ಗದಗ-ಬೆಟಗೇರಿಯ ಅರ್ಧ ಗಂಡಸರನ್ನು ಬೆಳ್ಳಗೆ ಮಾಡಿದ ಪುಣ್ಯ ನನ್ನದು, ಈ ರೋಜಾಳದು. ಡಿಸೈನರ್ ಅಂತ ಹೆಸರು, ಮಾಡುವುದು ಸುಣ್ಣ ಬಳಿಯುವ ಕೆಲಸ.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಮಧ್ಯಾಹ್ನ ಬೈಕಿನ ಮೇಲೆ ಹುಡುಗರು ಬಂದಿದ್ದರಂತೆ. ಎದುರುಮನೆ ಯೂಸುಫನ ಬಾಗಿಲು ಬಡಿದರಂತೆ. ಅವನು ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ರುಹಿ ಒಬ್ಬಳೇ, ಕಂಕುಳಲ್ಲಿ ಮಗು. ಆಧಾರ್ ಕಾರ್ಡ್ ತೋರಿಸಿದಳು. ಡುಪ್ಲಿಕೇಟ್ ಅಂದರು. ನೀವು ಬಾಂಗ್ಲಾದವರು, ಊರು ಬಿಡದಿದ್ದರೆ ಮತ್ತೆ ಬರುತ್ತೇವೆ ಅಂದು ಹೋದರು.

ಮಾಲ್ದಾದವರು ಅವರು. ನಮ್ಮದೇ ದೇಶದ ಬಂಗಾಳದ ಮಾಲ್ದಾ. ಇಲ್ಲಿಗೆ ಬಂದು ಮೂರು ವರ್ಷವಾಯಿತು. ಓಣಿಯಲ್ಲಿ ಯೂಸುಫ ಟೈಲ್ಸ್ ಹಾಕದ ಮನೆಯೇ ಇಲ್ಲ — ನಮ್ಮ ದೇವರ ಕೋಣೆಯೂ ಅವನದೇ ಕೆಲಸ. ಮಗು ಹುಟ್ಟಿದ್ದು ಇಲ್ಲೇ. ಬಾಣಂತಿಗೆ ಎಣ್ಣೆ-ನೀರು ಹಾಕಿದ್ದು ನಮ್ಮವ್ವ.

"ಹಾಲ ಕುಡಿಯೋ ಕೂಸನ್ನ ಎತ್ಕೊಂಡು ಎಲ್ಲಿಗೆ ಹೋಗ್ಬೇಕ ಆಕಿ?" ಅವ್ವ ಕೇಳಿದಳು. ನನಗೆ ಸಿಟ್ಟು ಬಂತು.

ಜುಲೈ 8, ಮಂಗಳವಾರ

ಸಂಜೆ ಅಂದಾನಪ್ಪ ಕಾಕಾನ ಕಟ್ಟೆಯ ಮೇಲೆ ಓಣಿಯೆಲ್ಲ ಸೇರಿತು. ಕಾಕಾ ರಿಟೈರ್ಡ್ ಬಸ್ ಕಂಡಕ್ಟರ್. ಮೊದಲು ಎಲ್ಲರನ್ನೂ ಒಳಗೆ ಸರಿಸಿದ, ಆಮೇಲೆ ಮಾತು.

ಯೂಸುಫನ ಮನೆ ಮಾಲೀಕ ಖಾಸಿಂಸಾಬ ಚಾಚಾ ನೆಲ ನೋಡುತ್ತ ಕೂತಿದ್ದ. "ಬಿಡಸು ಅಂದ್ರ ಬಿಡಸ್ತೀನ್ರಿ. ಇವತ್ತ ಅವರನ್ನ ಕೇಳ್ಯಾರ, ನಾಳೆ ನನಗೂ ಕಾರ್ಡ್ ತೋರ್ಸು ಅಂತಾರ."

"ಯಾರೂ ಮನಿ ಬಿಡೂದು ಬ್ಯಾಡ," ಅಂದ ಕಾಕಾ. "ಓಣಿ ಐತಿ."

ಆ ಮಾತಿಗೆ ನಾನು ಚಪ್ಪಾಳೆ ಹೊಡೆದೆ. ಖರೇನೇ.

ತೀರ್ಮಾನ ಇಷ್ಟು. ಹಗಲೆಲ್ಲ ಕಟ್ಟೆಯ ಮೇಲೆ ಯಾರಾದರೊಬ್ಬರ ಪಾಳಿ. ಪಕ್ಕದಲ್ಲಿ ಒಂದು ಸ್ಟೀಲ್ ತಾಟು. ಆ ಬೈಕುಗಳು ಕಂಡರೆ ತಾಟು ಬಡಿಯುವುದು, ಕೇಳಿದವರು ಇದ್ದ ಹಾಗೇ ಹೊರಗೆ ಬರುವುದು. ಹೆಂಗಸರು ಮುಂದೆ. ಕೈ ಎತ್ತಬಾರದು, ಬಾಯಿಗೆ ಬಂದಂತೆ ಬೈಯಬಾರದು — ಇದು ನಮ್ಮ ಓಣಿಯ ಬಾಯಿಬಡುಕಿ ದುರಗವ್ವ ಅತ್ತೆಗೆ ಕಷ್ಟ. ಯೂಸುಫನ ಕಾಗದಗಳ ಝೆರಾಕ್ಸ್ ಒಬ್ಬ ವಕೀಲರ ಹತ್ತಿರ ಇಡುವುದು. ರುಹಿ ಸಂತೆಗೆ ಹೊರಟರೆ ಜೊತೆಗೆ ಇಬ್ಬರು.

ಜುಲೈ 13, ಭಾನುವಾರ

ಬಂದರು.

ತಾಟು ಬಡಿದವಳು ಸಾವಕ್ಕ, ಪಕ್ಕದ ಮನೆಯವಳು. ನಾನು ತಲೆಗೆ ಎಣ್ಣೆ ಹಚ್ಚಿಕೊಂಡವಳು ಹಾಗೇ ಓಡಿದೆ. ಯಾರದೋ ಕೈಯೆಲ್ಲ ರೊಟ್ಟಿ ಹಿಟ್ಟು, ಯಾರದೋ ಮೈಮೇಲೆ ಒದ್ದೆ ಬಟ್ಟೆ. ಯೂಸುಫನ ಬಾಗಿಲು ಕಾಣದಷ್ಟು ಜನ ನಿಂತೆವು. ದುರಗವ್ವ ಅತ್ತೆ ಮುಂದಿನ ಬೈಕಿಗೆ ಅಡ್ಡ ನಿಂತಳು.

"ಯಾರ ಮಗಾಲೇ ನೀ?"

ಹುಡುಗ ಬೈಕಿನ ಕನ್ನಡಿ ಸರಿಮಾಡಿಕೊಂಡ.

"ಗಿರಣಿ ನಾಗರತ್ನಾನ ಮಗ ಅಲ್ಲ? ನಿಮ್ಮವ್ವ ನಮ್ಮ ಹೆಣ್ಣಮಕ್ಕಳ ಸಂಘದಾಗ ಅದಾಳ. ಫೋನ್ ಹಚ್ಚಲೇನು ಆಕಿಗೆ?"

ನಮ್ಮ ಊರಲ್ಲಿ ಯಾರೂ ಹೆಲ್ಮೆಟ್ ಹಾಕುವುದಿಲ್ಲ. ಅವನು ಹಾಕಿಕೊಂಡ. ಬೈಕುಗಳು ತಿರುಗಿದವು.

ರುಹಿ ಎಲ್ಲರಿಗೂ ಚಹಾ ಮಾಡಿದಳು. ಕಪ್ಪು ಸಾಲದೆ ಮನೆಮನೆಯಿಂದ ತಂದೆವು. ಮೂವತ್ತಾರು ವರ್ಷ ಈ ಓಣಿಯನ್ನು ಬೈದುಕೊಂಡೇ ಬಾಳಿದವಳು ನಾನು. ಇವತ್ತು ಪ್ರೀತಿ ಬಂತು.

ಜುಲೈ 16, ಬುಧವಾರ

ಅಂದಾನಪ್ಪ ಕಾಕಾ ಅಂಗಡಿಗೆ ಬಂದ. ಓಣಿಗೊಂದು ಫ್ಲೆಕ್ಸ್ ಬೇಕಂತೆ.

"ಇಷ್ಟ ಮಾಡೀವಿ ಅಂದಮ್ಯಾಲ ನಾಲ್ಕು ಮಂದಿಗೆ ಗೊತ್ತಾಗಬೇಕಲ್ಲವಾ. ಮತ್ಯಾರೂ ಈ ಕಡೆ ಹಾಯೂದಿಲ್ಲ."

ಈ ಊರಲ್ಲಿ ಫ್ಲೆಕ್ಸ್ ಬೀಳದಿದ್ದರೆ ಮನುಷ್ಯ ಹುಟ್ಟಿದಂತೆಯೂ ಅಲ್ಲ, ಸತ್ತಂತೆಯೂ ಅಲ್ಲ. ನಗು ಬಂತು. ಆದರೆ ನಾನೂ ಉಬ್ಬಿದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಮಾಡಲು ಮನಸ್ಸಿರುವ ಫ್ಲೆಕ್ಸ್. ಸಂಜೆಯೊಳಗೆ ಎಲ್ಲರ ಫೋಟೋ ಬಂದವು. ನನ್ನದು ಸ್ವಲ್ಪ ಬೆಳ್ಳಗೆ ಮಾಡವಾ, ಅಂತ ದುರಗವ್ವ ಅತ್ತೆಯ ವಾಯ್ಸ್ ಮೆಸೇಜ್.

ರುಹಿಯನ್ನು ಕೇಳಲು ಹೋದೆ.

"ನಮ್ದು ಫೋಟೋ ಬ್ಯಾಡ ಅಕ್ಕಾ."

"ಯಾಕ?"

"ಮುಖ ಎಲ್ಲಾರಿಗೂ ಗೊತ್ತಾಗ್ತೈತಿ."

"ಗೊತ್ತಾಗ್ಲಿ ಅಂತನ ಹಾಕೂದು. ಇಡೀ ಓಣಿ ನಿನ್ನ ಸುತ್ತ ಇರ್ತೈತಿ. ನಮ್ಮ ಮ್ಯಾಲ ಭರೋಸಾ ಇಲ್ಲೇನು?"

ರುಹಿ ಮಗುವಿನ ಅಂಗಿಯ ಗುಂಡಿ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಆಮೇಲೆ ಈದ್‌ನಲ್ಲಿ ತೆಗೆದ ಫೋಟೋ ಕಳಿಸಿದಳು. ಮೂವರಿಗೂ ಹೊಸ ಬಟ್ಟೆ.

ಮೂವರನ್ನೂ ನಡುವೆ ಇಟ್ಟೆ, ದೊಡ್ಡದಾಗಿ. ನಾವೆಲ್ಲ ಸುತ್ತಲೂ ಸಣ್ಣ ಸಣ್ಣ ಗುಂಡು ಮುಖಗಳು. ಕೆಳಗೆ "ಇವರು ನಮ್ಮವರು". ನಾನು ಮಾಡಿದ್ದರಲ್ಲೇ ಒಳ್ಳೆಯ ಡಿಸೈನ್.

ಜುಲೈ 18, ಶುಕ್ರವಾರ

ಓಣಿಯ ಬಾಯಲ್ಲಿ ಕಟ್ಟಿದರು. ಕಾಕಾ ಕಾಯಿ ಒಡೆದ. ಎಲ್ಲರದೂ ಸೆಲ್ಫಿ, ಎಲ್ಲರದೂ ಸ್ಟೇಟಸ್. ನನ್ನದೂ.

ಯೂಸುಫ ಕೆಲಸ ಮುಗಿಸಿ ಬಂದವನು ಫ್ಲೆಕ್ಸ್ ಕೆಳಗೆ ನಿಲ್ಲಲಿಲ್ಲ. ಹಿಂದಿನ ಸಂದಿಯಿಂದ ಮನೆಗೆ ಹೋದ. ಸಂಕೋಚ ಅಂದುಕೊಂಡೆವು.

ಜುಲೈ 24, ಗುರುವಾರ

ಯೂಸುಫನಿಗೆ ಹೊಡೆದಿದ್ದಾರೆ. ಶಿರಹಟ್ಟಿಯಲ್ಲಿ. ಯಾರದೋ ಹೊಸ ಮನೆಯ ಟೈಲ್ಸ್ ಕೆಲಸಕ್ಕೆ ಹೋಗಿದ್ದ. ಬಸ್ ಇಳಿದು ನಡೆಯುತ್ತಿದ್ದವನನ್ನು ನಿಲ್ಲಿಸಿದರಂತೆ. ಮೊಬೈಲ್ ನೋಡಿದರು, ಮುಖ ನೋಡಿದರು, ಮತ್ತೆ ಮೊಬೈಲ್ ನೋಡಿದರು. ಬಲಗೈ ಮುರಿದಿದೆ.

ಅವರು ಮೊಬೈಲಿನಲ್ಲಿ ನೋಡಿದ ಚಿತ್ರ ನನಗೂ ಬಂದಿದೆ. ನಮ್ಮ ಫ್ಲೆಕ್ಸೇ. ಸುತ್ತಲಿನ ನಮ್ಮನ್ನೆಲ್ಲ ಕತ್ತರಿಸಿದ್ದಾರೆ. ಮೂವರು ಮಾತ್ರ, ಈದ್ ಬಟ್ಟೆಯಲ್ಲಿ ನಗುತ್ತ. ಕೆಳಗೆ ನನ್ನ ಅಕ್ಷರದ ಜಾಗದಲ್ಲಿ "ಈ ಬಾಂಗ್ಲಾದವರು ಕಂಡರೆ ತಿಳಿಸಿ". ಲಕ್ಷ್ಮೇಶ್ವರ, ಮುಂಡರಗಿಯ ಗ್ರೂಪುಗಳಲ್ಲೆಲ್ಲ ಓಡಾಡುತ್ತಿದೆಯಂತೆ.

ಕತ್ತರಿಸಲು ಎಷ್ಟು ಸುಲಭ. ನಡುವೆ ಇಟ್ಟವಳು ನಾನು, ದೊಡ್ಡದು ಮಾಡಿದವಳು ನಾನು. ಹತ್ತು ಸೆಕೆಂಡಿನ ಕೆಲಸ ಕೂಡ ಅಲ್ಲ. ಇಲ್ಲಿ ಕಟ್ಟೆಯ ಮೇಲೆ ಪಾಳಿ ತಪ್ಪಿರಲಿಲ್ಲ. ಶಿರಹಟ್ಟಿಯಲ್ಲಿ ತಾಟು ಬಡಿಯುವವರು ಯಾರು?

ಕಂಪ್ಲೇಂಟ್ ಕೊಡೋಣ ಬಾ ಅಂದೆವು. ಬೇಡ ಅಂದ. ಫ್ಲೆಕ್ಸ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಜುಲೈ 26, ಶನಿವಾರ

ಫ್ಲೆಕ್ಸ್ ನಾನೇ ಬಿಚ್ಚಿದೆ. ಹೊಸದು ಹಾಕೋಣ, ಬಿಟ್ಟುಕೊಟ್ಟರೆ ಸೋತಂತೆ ಅಂದ ಕಾಕಾ. ಬೆಳಿಗ್ಗೆ ಅಂದದ್ದು, ನಾನು ಡಿಸೈನ್ ಕಂಪ್ಯೂಟರಿನಲ್ಲಿ ತೆರೆದಿಟ್ಟಿದ್ದೆ. ಮಧ್ಯಾಹ್ನದಿಂದ ಫೋನು ಶುರು.

ಮೊದಲು ಸಾವಕ್ಕ. "ಹೊಸಾ ಫ್ಲೆಕ್ಸ್ ಇರ್ಲಿವಾ, ನಾ ಬ್ಯಾಡನ್ನಂಗಿಲ್ಲ. ನನ್ನ ಫೋಟೋ ಅಷ್ಟ ತಗಿ. ಮಗಳ ಬೀಗರು ನೋಡ್ಯಾರಂತ."

ತೆಗೆದೆ. ಆಮೇಲೆ ಸಾಲು. ಎಲ್ಲರದೂ ಅದೇ ಮಾತು — ಫ್ಲೆಕ್ಸ್ ಇರಲಿ, ನನ್ನದಷ್ಟು ತೆಗಿ. ಖಾಸಿಂಸಾಬ ಚಾಚಾ ಬಂದು ಬಾಯಿ ತೆರೆಯುವ ಮೊದಲೇ ತೆಗೆದೆ, ಅವನ ಮೇಲೆ ನನಗೆ ಸಿಟ್ಟಿಲ್ಲ. ದುರಗವ್ವ ಅತ್ತೆ ಮಗನನ್ನು ಕಳಿಸಿದಳು, ತಾನು ಬೀದಿಯಲ್ಲೇ ನಿಂತಳು. ಕಡೆಗೆ ಕಾಕಾ. "ಮಗನ ಸರಕಾರಿ ನೌಕರಿ ಐತಲ್ಲವಾ. ನನ್ನದೂ ತಗದಬಿಡು. ಹಿಂದಿಂದ ಇರ್ತೀನಿ."

ಮನೆಗೆ ಬಂದರೆ ಅವ್ವ. "ನಂದೂ ನಿಂದೂ ಇರ್ಲಿ ಬಿಡು" ಅನ್ನುತ್ತಾಳೆ ಅಂದುಕೊಂಡಿದ್ದೆ. "ಇಬ್ಬರ ಹೆಣ್ಣಮಕ್ಕಳ ಇರೂ ಮನಿ ರೋಜಾ," ಅಂದಳು.

ಮತ್ತೆ ಅಂಗಡಿಗೆ ಹೋಗಿ ನಮ್ಮದನ್ನೂ ತೆಗೆದೆ. ಕಂಪ್ಯೂಟರಿನಲ್ಲಿ ಈಗ ಮೂವರು ಮಾತ್ರ, ಈದ್ ಬಟ್ಟೆಯಲ್ಲಿ. ಆ ಹುಡುಗರು ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಕೆಳಗಿನ ಸಾಲೊಂದೇ ವ್ಯತ್ಯಾಸ.

ಜುಲೈ 27, ಭಾನುವಾರ

ರುಹಿ ಬಂದಳು, ಎಣ್ಣೆಯ ಬಟ್ಟಲು ವಾಪಸು ಕೊಡಲು. ಬಾಣಂತನದ ಕಾಲದ್ದು. ಅವ್ವನೇ ಮರೆತಿದ್ದಳು.

"ಹೋಗ್ತೀವಿ ಅಕ್ಕಾ."

"ಎಲ್ಲಿಗೆ?"

ಹೇಳುವವಳಿದ್ದಳು, ತಡೆದುಕೊಂಡಳು. ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿದಳು.

"ಎಲ್ಲಾರದೂ ಫೋಟೋ ತಗದ್ರಿ ಅಂತ. ಹೌದೇನು?"

"ಹೂಂ."

"ನಾ ಮೊದಲ ಹೇಳಿದ್ದೆ ಅಕ್ಕಾ, ಬ್ಯಾಡ ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟಲು ನನ್ನ ಕೈಯಲ್ಲಿಟ್ಟು ಹೋದಳು. ತೊಳೆದು, ಒರೆಸಿ ತಂದಿದ್ದಳು.

ಜುಲೈ 29, ಮಂಗಳವಾರ. ಪಂಚಮಿ

ಅವ್ವ ಉಂಡಿ ಕಟ್ಟಿದಳು. ರುಹಿಯ ಪಾಲು ಅಭ್ಯಾಸಬಲದಿಂದ ಬೇರೆ ಡಬ್ಬಿಗೆ ತುಂಬಿದಳು, ಆಮೇಲೆ ಡಬ್ಬಿ ಹಿಡಿದು ನಿಂತೇ ಇದ್ದಳು. ಎದುರುಮನೆ ಖಾಲಿ, ಬಾಗಿಲಿಗೆ ಕೀಲಿ.

ಪಾಳಿಯಲ್ಲಿ ಇವತ್ತು ನನ್ನ ಸರದಿ. ಯಾರೂ ಬೇಡ ಅಂದಿಲ್ಲ, ಯಾರೂ ನೆನಪಿಸಿಯೂ ಇಲ್ಲ. ಹೋಗಿ ಕೂತೆ. ತಾಟು ಅಲ್ಲೇ ಇತ್ತು, ಮೇಲೆ ಧೂಳು.

ಮಧ್ಯಾಹ್ನ ಬೈಕ್ ಬಂತು. ಗಿರಣಿ ನಾಗರತ್ನಾನ ಮಗ. ಹೆಲ್ಮೆಟ್ ಇರಲಿಲ್ಲ. ಎದುರುಮನೆಯ ಕೀಲಿ ನೋಡಿದ, ನನ್ನನ್ನು ನೋಡಿದ, ನಿಧಾನಕ್ಕೆ ಖಾಸಿಂಸಾಬ ಚಾಚಾನ ಬಾಗಿಲ ಮುಂದೆ ಹೋಗಿ ನಿಂತ.

ತಾಟು ಬಡಿದೆ. ಕೈ ನೋಯುವವರೆಗೂ ಬಡಿದೆ. ಓಣಿಯಲ್ಲಿ ಸಪ್ಪಳ ಕೇಳಿತು — ಒಳಗಿನಿಂದ ಹಾಕುವ ಚಿಲಕದ್ದು. ಮೊದಲು ಕಾಕಾನ ಮನೆ, ಆಮೇಲೆ ಸಾವಕ್ಕನದು, ಆಮೇಲೆ ನಮ್ಮದು.